ಒಂದೇ ಮೆಟ್ಟಿಲಿನ ಪಿ.ಜಿ. ಕಟ್ಟಡ, ರಾತ್ರಿ ಗೇಟಿಗೆ ಬೀಗ: ಬೆಂಕಿ ಬಿದ್ದರೆ ಹೊರಗೆ ಬರುವುದು ಹೇಗೆ?

ಪ್ರಶ್ನೆ: ಮಾರತಹಳ್ಳಿ ನಿವಾಸಿ

ಬೆಂಗಳೂರಿನ ಮಾರತಹಳ್ಳಿಯ ಒಂದು ಪಿ.ಜಿ.ಯಲ್ಲಿ ವಾಸವಾಗಿದ್ದೇನೆ. ಮೂವತ್ತು–ನಲವತ್ತರ ನಿವೇಶನದಲ್ಲಿ ನೆಲಮಹಡಿ ಸೇರಿ ಐದು ಅಂತಸ್ತು ಎಬ್ಬಿಸಿ, ಅದರ ಮೇಲೆ ಶೀಟು ಹೊದಿಸಿ ಇನ್ನೆರಡು ಕೋಣೆ ಮಾಡಿದ್ದಾರೆ. ನನ್ನ ಕೋಣೆ ಮೂರನೇ ಮಹಡಿಯಲ್ಲಿದೆ. ಇಡೀ ಕಟ್ಟಡಕ್ಕೆ ಇರುವುದು ಒಂದೇ ಮೆಟ್ಟಿಲು. ಆ ಮೆಟ್ಟಿಲು ಆರಂಭವಾಗುವಲ್ಲಿಯೇ ಗೋಡೆಯ ಮೇಲೆ ಮೀಟರ್ ಬೋರ್ಡುಗಳಿವೆ, ಅವುಗಳ ಕೆಳಗೆ ರಾತ್ರಿಯಿಡೀ ಮೂರು ನಾಲ್ಕು ವಿದ್ಯುತ್ ಸ್ಕೂಟರುಗಳು ಚಾರ್ಜ್ ಆಗುತ್ತಿರುತ್ತವೆ, ಎದುರಿಗೇ ಅಡುಗೆಮನೆ ಮತ್ತು ಗ್ಯಾಸ್ ಸಿಲಿಂಡರುಗಳಿವೆ. ಹನ್ನೊಂದು ಗಂಟೆಯ ನಂತರ ಮುಂಬಾಗಿಲಿನ ಕಬ್ಬಿಣದ ಗೇಟಿಗೆ ಬೀಗ ಬೀಳುತ್ತದೆ. ಕೀಲಿಕೈ ವಾರ್ಡನ್ ಬಳಿ ಇರುತ್ತದೆ, ಅವರು ಮಲಗುವುದು ಪಕ್ಕದ ಕಟ್ಟಡದಲ್ಲಿ. ಹುಡುಗರು ಸಿಗರೇಟು ಸೇದುತ್ತಾರೆಂದು ತಾರಸಿಯ ಬಾಗಿಲಿಗೂ ಬೀಗ ಹಾಕಲಾಗಿದೆ. ಕಿಟಕಿಗಳಿಗೆಲ್ಲ ಗ್ರಿಲ್ ಇದೆ.

ಇತ್ತೀಚೆಗೆ ಎರಡನೇ ಮಹಡಿಯ ಒಂದು ಕೋಣೆಯಲ್ಲಿ ಎಕ್ಸ್‌ಟೆನ್ಶನ್ ಬೋರ್ಡ್ ಸುಟ್ಟು ಕರಗಿತು. ಜ್ವಾಲೆಯೇನೂ ಏಳಲಿಲ್ಲ, ಆದರೆ ಮೂರನೇ ಮಹಡಿಯ ಓಣಿಯಲ್ಲಿ ಎದುರಿನ ಬಾಗಿಲು ಕಾಣದಷ್ಟು ಹೊಗೆ ತುಂಬಿತ್ತು. ಮಾಲೀಕರಿಗೆ ದೂರು ಹೇಳಿದ ಮೇಲೆ ಪ್ರತಿ ಮಹಡಿಗೂ ಒಂದೊಂದು ಅಗ್ನಿನಂದಕವನ್ನು ತಂದು ತೂಗುಹಾಕಿದ್ದಾರೆ ಮತ್ತು ವಿಷಯ ಅಲ್ಲಿಗೆ ಮುಗಿಯಿತೆಂದು ತಿಳಿದಿದ್ದಾರೆ. ಎರಡು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಆಗಿ ಕೊಟ್ಟಿರುವುದರಿಂದ ತಕ್ಷಣ ಬಿಟ್ಟುಹೋಗುವುದು ನನಗೆ ಸುಲಭವಲ್ಲ. ಅಗ್ನಿನಂದಕವಿದ್ದರೆ ಸಾಕೇ? ಸಾಲದಿದ್ದರೆ ಮಾಲೀಕರಲ್ಲಿ ಮೊದಲು ಕೇಳಬೇಕಾದದ್ದು ಯಾವುದು? ನಮ್ಮ ಕೈಯಲ್ಲೇ ಇರುವುದು ಯಾವುದು? ತಿಳಿದವರು ದಯವಿಟ್ಟು ವಿವರವಾಗಿ ತಿಳಿಸಿರಿ.

ಉತ್ತರ: ನಿವೃತ್ತ ಅಗ್ನಿಶಾಮಕ

ನೀವು ಬರೆದಿರುವುದರಲ್ಲಿ ನನ್ನನ್ನು ಹೆಚ್ಚು ಕಳವಳಗೊಳಿಸಿದ್ದು ಸುಟ್ಟ ಬೋರ್ಡಲ್ಲ, ಎರಡು ಬೀಗಗಳು. ಬೆಂಕಿ ಹೊತ್ತಿಕೊಳ್ಳಬಹುದಾದ ವಸ್ತುಗಳೆಲ್ಲವೂ ಮೆಟ್ಟಿಲಿನ ಬುಡದಲ್ಲಿವೆ, ಹೊರಗೆ ಹೋಗುವ ಏಕೈಕ ದಾರಿ ಅದರ ಪಕ್ಕದಲ್ಲೇ ಹಾದುಹೋಗುತ್ತದೆ, ಆ ದಾರಿಯ ಮೇಲ್ತುದಿಗೂ ಕೆಳತುದಿಗೂ ಬೀಗ ಹಾಕಿದೆ. ಆದ್ದರಿಂದ ಮಾಲೀಕರಲ್ಲಿ ಮೊದಲು ಕೇಳಬೇಕಾದದ್ದು ಬೀಗ ತೆಗೆಸುವುದನ್ನು. ಅಗ್ನಿನಂದಕ, ಅಲಾರಂ, ವೈರಿಂಗ್ ಎಲ್ಲವೂ ಅದರ ನಂತರ ಬರುತ್ತವೆ.

ಕಟ್ಟಡದೊಳಗಿನ ಬೆಂಕಿಯಲ್ಲಿ ಬಹುಪಾಲು ಜನ ಸುಟ್ಟು ಸಾಯುವುದಿಲ್ಲ, ಹೊಗೆ ಕುಡಿದು ಸಾಯುತ್ತಾರೆ. ಫೋಮ್ ಹಾಸಿಗೆ, ಪ್ಲಾಸ್ಟಿಕ್ ಕುರ್ಚಿ, ವೈರಿನ ಹೊದಿಕೆ ಇವೆಲ್ಲ ಉರಿದಾಗ ಏಳುವ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ, ಮಲಗಿದ್ದವನನ್ನು ಅದು ಎಬ್ಬಿಸುವುದಿಲ್ಲ. ಬಿಸಿ ಹೊಗೆ ಮೇಲಕ್ಕೇರುವುದರಿಂದ ತೆರೆದ ಮೆಟ್ಟಿಲು ಇಡೀ ಕಟ್ಟಡಕ್ಕೆ ಹೊಗೆಗೂಡಿನ ಕೆಲಸ ಮಾಡುತ್ತದೆ. ಎರಡನೇ ಮಹಡಿಯ ಹೊಗೆ ನಿಮ್ಮ ಮಹಡಿಯಲ್ಲಿ ಅಷ್ಟು ದಟ್ಟವಾಗಿ ತುಂಬಿಕೊಂಡಿದ್ದು ಇದೇ ಕಾರಣಕ್ಕೆ. 2010ರ ಫೆಬ್ರುವರಿ 23ರಂದು ನಮ್ಮ ಹಳೇ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಮಂದಿ ಪ್ರಾಣ ಕಳೆದುಕೊಂಡರು. ಅಲ್ಲಿ ಜನರನ್ನು ಕೊಂದದ್ದು ಬೆಂಕಿಗಿಂತ ಹೆಚ್ಚಾಗಿ ಹೊಗೆ, ಉಸಿರು ಕಟ್ಟಿ ಮೇಲಿನ ಮಹಡಿಗಳಿಂದ ಹಾರಿದವರೂ ಅವರಲ್ಲಿದ್ದರು. ಅದು ಕಚೇರಿಗಳಿದ್ದ ಕಟ್ಟಡ, ನಡೆದದ್ದು ಹಗಲಿನಲ್ಲಿ. ನಿಮ್ಮಲ್ಲಿ ಅದೇ ರಾತ್ರಿ ಎರಡು ಗಂಟೆಗೆ ನಡೆದರೆ ಎಲ್ಲರೂ ನಿದ್ರೆಯಲ್ಲಿರುತ್ತಾರೆ.

ಮೀಟರ್ ಬೋರ್ಡ್ ಮೆಟ್ಟಿಲಿನ ಬಳಿ ಇದ್ದರೆ ಏನಾಗುತ್ತದೆ ಎಂಬುದನ್ನು 2023ರ ಜೂನ್ 15ರಂದು ದೆಹಲಿಯ ಮುಖರ್ಜಿ ನಗರದಲ್ಲಿ ದೇಶವೆಲ್ಲ ಕಂಡಿತು. ಕೋಚಿಂಗ್ ಕೇಂದ್ರವಿದ್ದ ಕಟ್ಟಡದಲ್ಲಿ ವಿದ್ಯುತ್ ಮೀಟರಿನ ಬಳಿ ಬೆಂಕಿ ಕಾಣಿಸಿಕೊಂಡು ಮೆಟ್ಟಿಲಿನ ತುಂಬ ಹೊಗೆ ಆವರಿಸಿದ್ದರಿಂದ, ವಿದ್ಯಾರ್ಥಿಗಳು ಕಿಟಕಿಗಳಿಂದ ಹಗ್ಗ ಮತ್ತು ಕೇಬಲ್ ಹಿಡಿದು ಇಳಿಯಬೇಕಾಯಿತು. ಹಲವರು ಗಾಯಗೊಂಡರೂ ಪ್ರಾಣಹಾನಿ ಆಗಲಿಲ್ಲ. ಆ ಕಿಟಕಿಗಳು ತೆರೆದವು ಎಂಬುದನ್ನು ನೀವು ಗಮನಿಸಬೇಕು. 2021ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ದೇವರಚಿಕ್ಕನಹಳ್ಳಿಯ ಅಪಾರ್ಟ್‌ಮೆಂಟಿನಲ್ಲಿ ತಾಯಿ ಮತ್ತು ಮಗಳು ಸತ್ತರು, ಮಗಳು ಬಾಲ್ಕನಿಯವರೆಗೆ ಬಂದರೂ ಗ್ರಿಲ್ ದಾಟಲಾಗಲಿಲ್ಲ.

ಇನ್ನು ಸ್ಕೂಟರುಗಳ ವಿಷಯ. 2022ರ ಸೆಪ್ಟೆಂಬರ್ 12ರ ರಾತ್ರಿ ಸಿಕಂದರಾಬಾದಿನಲ್ಲಿ ಕೆಳಗೆ ವಿದ್ಯುತ್ ಸ್ಕೂಟರುಗಳ ಮಳಿಗೆ, ಮೇಲೆ ವಸತಿಗೃಹ ಇದ್ದ ಕಟ್ಟಡದಲ್ಲಿ ಬೆಂಕಿ ಬಿದ್ದು, ಮೇಲೆ ತಂಗಿದ್ದವರಲ್ಲಿ 8 ಮಂದಿ ಸತ್ತರು. ಅಲ್ಲಿಯೂ ಹೊಗೆ ಮೆಟ್ಟಿಲಿನ ಮೂಲಕವೇ ಏರಿತ್ತು. ಲಿಥಿಯಂ ಬ್ಯಾಟರಿಯೊಳಗೆ ಒಂದು ಕೋಶ ಕೆಟ್ಟು ಕಾದರೆ ಅದು ಪಕ್ಕದ ಕೋಶವನ್ನು ಕಾಯಿಸುತ್ತ ಹೋಗುತ್ತದೆ. ನಿಮ್ಮ ಮಾಲೀಕರು ತಂದಿರುವ ಪುಡಿಯ ಅಗ್ನಿನಂದಕ ಹೊರಗಿನ ಜ್ವಾಲೆಯನ್ನು ಒಂದು ಕ್ಷಣ ಅಡಗಿಸಬಹುದು, ಒಳಗಿನ ಆ ಸರಣಿಯನ್ನು ನಿಲ್ಲಿಸಲಾರದು. ಸ್ಕೂಟರುಗಳನ್ನು ಗೇಟಿನ ಹೊರಗೆ, ಕಾಂಪೌಂಡಿನ ಬಯಲಿನಲ್ಲಿ ಚಾರ್ಜ್ ಮಾಡುವ ಏರ್ಪಾಡು ಮಾಡಿಸಿರಿ.

ಅಗ್ನಿನಂದಕ ಬೇಡವೆಂದು ನಾನು ಹೇಳುತ್ತಿಲ್ಲ. ಕಸದ ಬುಟ್ಟಿಯಷ್ಟು ಬೆಂಕಿ ಇರುವಾಗ, ನಿಮ್ಮ ಬೆನ್ನ ಹಿಂದೆ ತೆರೆದ ದಾರಿ ಇದ್ದಾಗ ಮಾತ್ರ ಅದನ್ನು ಬಳಸಬೇಕು. ಆರು ಕಿಲೋದ ಸಿಲಿಂಡರು ಅರ್ಧ ನಿಮಿಷವೂ ಬಾರದು. ಪಿನ್ ಎಳೆದು, ಜ್ವಾಲೆಯ ತುದಿಗಲ್ಲ ಬುಡಕ್ಕೆ ಗುರಿಯಿಟ್ಟು, ಹಿಡಿಯನ್ನು ಅದುಮಿ, ಅತ್ತಿಂದಿತ್ತ ಸವರಬೇಕು. ಒತ್ತಡದ ಮುಳ್ಳು ಹಸಿರು ಭಾಗದಲ್ಲಿದೆಯೇ ಎಂದು ಆಗಾಗ ನೋಡಿರಿ.

ರಾತ್ರಿ ಎಚ್ಚರವಾದಾಗ ಹೊಗೆಯ ವಾಸನೆ ಬಂದರೆ ಬಾಗಿಲನ್ನು ತಟ್ಟನೆ ತೆರೆಯಬೇಡಿ. ಕೈಯ ಹಿಂಬದಿಯಿಂದ ಬಾಗಿಲನ್ನು ಮುಟ್ಟಿ ನೋಡಿರಿ. ತಣ್ಣಗಿದ್ದರೆ ಸ್ವಲ್ಪವೇ ತೆರೆದು, ದಾರಿ ಸ್ಪಷ್ಟವಾಗಿದ್ದರೆ ಬಗ್ಗಿಕೊಂಡು ಹೊರಡಿ ಮತ್ತು ಬಾಗಿಲನ್ನು ಹಿಂದಿನಿಂದ ಮುಚ್ಚಿರಿ. ಮುಚ್ಚಿದ ಒಂದು ಸಾಧಾರಣ ಮರದ ಬಾಗಿಲು ಬೆಂಕಿಯನ್ನು ಹಲವು ನಿಮಿಷ ತಡೆಯಬಲ್ಲದು. ಮೆಟ್ಟಿಲು ಹೊಗೆಯಿಂದ ತುಂಬಿದ್ದರೆ ಅದರೊಳಗೆ ನುಗ್ಗಬೇಡಿ. ಒದ್ದೆ ಬಟ್ಟೆಯನ್ನು ಮೂಗಿಗೆ ಕಟ್ಟಿಕೊಂಡು ಓಡಿದರಾಯಿತು ಎಂಬ ನಂಬಿಕೆ ಜನರಲ್ಲಿ ಬಲವಾಗಿದೆ. ಒದ್ದೆ ಬಟ್ಟೆ ಮಸಿಯನ್ನು ಒಂದಿಷ್ಟು ತಡೆದೀತೇ ಹೊರತು ಕಾರ್ಬನ್ ಮಾನಾಕ್ಸೈಡನ್ನು ತಡೆಯುವುದಿಲ್ಲ. ಕೋಣೆಗೆ ಹಿಂತಿರುಗಿ, ಬಾಗಿಲು ಮುಚ್ಚಿ, ಅದೇ ಒದ್ದೆ ಬಟ್ಟೆಯನ್ನು ಬಾಗಿಲಿನ ಕೆಳಗಿನ ಸಂದಿಗೆ ತುರುಕಿ, ರಸ್ತೆಯ ಕಡೆಯ ಕಿಟಕಿಯ ಬಳಿ ನಿಂತು ಮೊಬೈಲ್ ಬೆಳಕನ್ನು ಆಡಿಸಿರಿ. 112 ಅಥವಾ 101ಕ್ಕೆ ಕರೆ ಮಾಡಿ, ಯಾವ ಮಹಡಿ, ಯಾವ ದಿಕ್ಕಿನ ಕೋಣೆ, ಎಷ್ಟು ಜನ ಇದ್ದೀರಿ ಎಂದು ಹೇಳಿದರೆ ಏಣಿಯನ್ನು ಎಲ್ಲಿಗೆ ಹಾಕಬೇಕೆಂಬುದು ಬಂದವರಿಗೆ ಕೂಡಲೇ ತಿಳಿಯುತ್ತದೆ.

ಉತ್ತರ: ಪಿ.ಜಿ. ನಡೆಸುವವನು

ಹಿರಿಯರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಇನ್ನೊಂದು ಮಗ್ಗುಲನ್ನೂ ಕೇಳಬೇಕೆಂದು ವಿನಂತಿ. ನಾನು ಬಿ.ಟಿ.ಎಂ. ಬಡಾವಣೆಯಲ್ಲಿ ಹೆಣ್ಣುಮಕ್ಕಳ ಪಿ.ಜಿ. ನಡೆಸುತ್ತೇನೆ. ಮಗಳನ್ನು ಸೇರಿಸಲು ಬರುವ ತಂದೆತಾಯಿ ಕೇಳುವ ಮೊದಲ ಪ್ರಶ್ನೆಯೇ ರಾತ್ರಿ ಗೇಟು ಹಾಕುತ್ತೀರಾ ಎಂಬುದು. ಬೆಂಕಿಯ ವಿಷಯವನ್ನು ಈವರೆಗೆ ಒಬ್ಬರೂ ಕೇಳಿದ್ದು ನನಗೆ ನೆನಪಿಲ್ಲ. 2024ರಲ್ಲಿ ಕೋರಮಂಗಲದ ಪಿ.ಜಿ.ಯೊಂದಕ್ಕೆ ಹೊರಗಿನವನು ನುಗ್ಗಿ ಯುವತಿಯನ್ನು ಕೊಂದ ನಂತರ ನಮ್ಮ ಮೇಲೆ ಬಂದ ಒತ್ತಡವೆಲ್ಲ ಭದ್ರತೆಗೆ ಸಂಬಂಧಿಸಿದ್ದು. ಅದೇ ವರ್ಷ ಬಿಬಿಎಂಪಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಸಿಸಿಟಿವಿ, ಹಗಲುರಾತ್ರಿ ಕಾವಲು, ತಲೆಗೆ ಕನಿಷ್ಠ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು ಇವುಗಳ ಜೊತೆಗೆ ಅಗ್ನಿ ಸುರಕ್ಷತೆಯ ಮಾತೂ ಇತ್ತು. ತಪಾಸಣೆಗೆ ಬಂದವರು ಕ್ಯಾಮೆರಾ ಎಣಿಸಿದರು, ಮೆಟ್ಟಿಲನ್ನು ನೋಡಲಿಲ್ಲ.

ಬೀಗ ತೆಗೆದ ರಾತ್ರಿಯೇ ಲ್ಯಾಪ್‌ಟಾಪ್ ಕಳುವಾದರೆ ಹೊಣೆ ಯಾರದು? ಮೂವತ್ತು–ನಲವತ್ತರ ನಿವೇಶನದಲ್ಲಿ ಎರಡನೇ ಮೆಟ್ಟಿಲನ್ನು ಕಟ್ಟಲು ಜಾಗವಾದರೂ ಎಲ್ಲಿದೆ? ಬಹಳಷ್ಟು ಪಿ.ಜಿ. ಕಟ್ಟಡಗಳು ನಡೆಸುವವರ ಸ್ವಂತದ್ದೂ ಅಲ್ಲ, ಲೀಸಿಗೆ ಪಡೆದವು. ಕಟ್ಟಡದ ಒಡೆಯರು ಒಂದು ಮೊಳೆ ಹೊಡೆಯಲೂ ಒಪ್ಪದಿರುವಾಗ ನಮ್ಮಂಥವರು ಏನನ್ನು ಮಾಡಲು ಸಾಧ್ಯವೆಂಬುದನ್ನೂ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ವೈರಿಂಗ್ ಗುತ್ತಿಗೆದಾರ

ದಾರಿಯ ಮಾತನ್ನು ಹಿರಿಯರು ಹೇಳಿದ್ದಾರೆ. ಸುಟ್ಟ ಬೋರ್ಡಿನ ಬಗ್ಗೆ ನನ್ನ ಕಸುಬಿನ ಅನುಭವದಿಂದ ಬರೆಯುತ್ತೇನೆ.

ಒಂದು ಕುಟುಂಬದ ಬಳಕೆಗೆಂದು ಎಳೆದ ವೈರಿಂಗ್ ಮೇಲೆ ಪಿ.ಜಿ.ಗಳಲ್ಲಿ ಒಂದೊಂದು ಕೋಣೆಗೆ ಮೂವರ ಬಳಕೆ ಬೀಳುತ್ತದೆ. 1500 ವಾಟಿನ ಕೆಟಲ್ ಒಂದೇ ಆರೂವರೆ ಆಂಪಿಯರ್ ಎಳೆಯುತ್ತದೆ. ಅದರ ಪಕ್ಕದಲ್ಲಿ 1000 ವಾಟಿನ ಇಸ್ತ್ರಿಪೆಟ್ಟಿಗೆಯನ್ನು ಹಾಕಿದರೆ ಹತ್ತಿರ ಹತ್ತಿರ ಹನ್ನೊಂದು ಆಂಪಿಯರ್ ಆಯಿತು. ಇವೆರಡನ್ನೂ 6 ಆಂಪಿಯರಿನ ಸಾಕೆಟ್ಟಿಗೆ ಚುಚ್ಚಿದ ಎಕ್ಸ್‌ಟೆನ್ಶನ್ ಬೋರ್ಡಿನಲ್ಲಿ ಒಟ್ಟಿಗೆ ಹಾಕುವುದು ಪ್ರತಿ ಬೆಳಗಿನ ವಾಡಿಕೆ. ಬೋರ್ಡಿನ ತೆಳುವಾದ ತಂತಿ ಕಾದು, ಅದರ ಹೊದಿಕೆ ಮೆತ್ತಗಾಗಿ, ಒಂದು ದಿನ ಕರಗುತ್ತದೆ. ಬಳಸದ ತಂತಿಯನ್ನು ಸುರುಳಿ ಸುತ್ತಿ ಮಂಚದ ಕೆಳಗೆ ತಳ್ಳಿದ್ದರೆ ಶಾಖ ಹೊರಹೋಗಲು ದಾರಿಯಿಲ್ಲದೆ ಇನ್ನೂ ಬೇಗ ಕರಗುತ್ತದೆ.

ಮಿತಿಮೀರಿ ವಿದ್ಯುತ್ತು ಹರಿದಾಗ ತಾನಾಗಿಯೇ ಬಿದ್ದು ಸಂಪರ್ಕ ಕಡಿಯುವ ಸ್ವಿಚ್ಚಾದ ಎಂಸಿಬಿ ಯಾಕೆ ಬೀಳಲಿಲ್ಲ ಎಂದು ಜನ ಕೇಳುತ್ತಾರೆ. ಇದಕ್ಕೆ ಎರಡು ಕಾರಣಗಳನ್ನು ನಾನು ಪದೇ ಪದೇ ಕಂಡಿದ್ದೇನೆ. ಮೊದಲನೆಯದು, ಎಂಸಿಬಿ ಪದೇ ಪದೇ ಬೀಳುತ್ತದೆಂದು ನಿವಾಸಿಗಳು ದೂರಿದಾಗ ಯಾರೋ ಬಂದು 16 ಆಂಪಿಯರಿನದನ್ನು ತೆಗೆದು 32 ಆಂಪಿಯರಿನದನ್ನು ಕೂರಿಸಿ ಹೋಗಿರುತ್ತಾರೆ. ಗೋಡೆಯೊಳಗಿನ ತಂತಿ ಮಾತ್ರ ಹಳೆಯ 1.5 ಚದರ ಮಿಲಿಮೀಟರಿನದೇ ಆಗಿರುತ್ತದೆ. ಆಗ ಎಂಸಿಬಿ ಬೀಳುವ ಮೊದಲೇ ತಂತಿ ಸುಡುತ್ತದೆ. ಎರಡನೆಯದು ಸಡಿಲವಾದ ಸ್ಕ್ರೂ. ಸಾಕೆಟ್ಟಿನೊಳಗೆ ತಂತಿ ಸರಿಯಾಗಿ ಬಿಗಿಯಾಗಿರದಿದ್ದರೆ ಆ ಬಿಂದುವಿನಲ್ಲಿ ಕಿಡಿ ಹಾರುತ್ತ ಶಾಖ ಹುಟ್ಟುತ್ತದೆ, ಆದರೆ ಹರಿಯುವ ವಿದ್ಯುತ್ತು ಮಿತಿಯೊಳಗೇ ಇರುವುದರಿಂದ ಎಂಸಿಬಿಗೆ ಏನೂ ಗೊತ್ತಾಗುವುದಿಲ್ಲ. 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿದರೆ ಭೂಮಿಗೆ ಸೋರುವ ವಿದ್ಯುತ್ತನ್ನು ಹಿಡಿದು ಶಾಕ್ ತಪ್ಪಿಸುತ್ತದೆ. ಅದನ್ನು ಖಂಡಿತ ಹಾಕಿಸಬೇಕು, ಆದರೆ ಅದೂ ಸಡಿಲ ಸ್ಕ್ರೂವನ್ನು ಹಿಡಿಯಲಾರದು. ಅದನ್ನು ಹಿಡಿಯುವುದು ನಿಮ್ಮ ಕೈ ಮತ್ತು ಮೂಗು. ಪ್ಲಗ್ ತೆಗೆದಾಗ ಅದರ ಪಿನ್ನುಗಳು ಬಿಸಿಯಾಗಿದ್ದರೆ, ಸಾಕೆಟ್ಟಿನ ತೂತಿನ ಸುತ್ತ ಬಿಳಿ ಪ್ಲಾಸ್ಟಿಕ್ ಕಂದಾಗಿದ್ದರೆ, ದೀಪ ಮಿನುಗುತ್ತಿದ್ದರೆ, ಗೋಡೆಯ ಬಳಿ ಕೊಳೆತ ಮೀನಿನಂಥ ನಾತ ಬಂದರೆ ಆ ಸಾಕೆಟ್ಟನ್ನು ಅಂದೇ ನಿಲ್ಲಿಸಿರಿ.

ಬಕೆಟ್ಟಿಗೆ ಇಳಿಬಿಡುವ ಕಾಯಿಲ್ ಹೀಟರನ್ನು ಕೋಣೆಗಳಿಂದ ಹೊರಹಾಕಲು ಎಲ್ಲರೂ ಒಪ್ಪಿದರೆ ಒಳ್ಳೆಯದು. ಮರೆತು ಬಿಟ್ಟು ಹೋದಾಗ ನೀರು ಆರಿ, ಪ್ಲಾಸ್ಟಿಕ್ ಬಕೆಟ್ ಕರಗಿ, ಬೆಂಕಿ ಹತ್ತಿದ ಕೋಣೆಗಳಿಗೆ ನಾನು ಹೊಸ ತಂತಿ ಎಳೆದಿದ್ದೇನೆ.

ಉತ್ತರ: ಕುವೈತ್ ಕನ್ನಡಿಗ

ನಾನು ಕುವೈತಿನಲ್ಲಿ ಹಂಚಿಕೆಯ ವಸತಿಯಲ್ಲಿ ಇರುವವನಾದ್ದರಿಂದ ಇಲ್ಲಿಯ ಮಾತನ್ನು ಸೇರಿಸುತ್ತೇನೆ. 2024ರ ಜೂನ್ 12ರ ಬೆಳಗಿನ ಜಾವ ಮಂಗಾಫ್ ಪ್ರದೇಶದ ಕಾರ್ಮಿಕರ ವಸತಿ ಕಟ್ಟಡದಲ್ಲಿ ಬೆಂಕಿ ಬಿದ್ದು ಕನಿಷ್ಠ 45 ಮಂದಿ ಭಾರತೀಯರು ಸತ್ತರು. ಬಹಳ ಮಂದಿ ಕೇರಳದವರು, ನಮ್ಮ ಕಲಬುರಗಿ ಜಿಲ್ಲೆಯವರೂ ಒಬ್ಬರಿದ್ದರು. ನೆಲಮಹಡಿಯ ಕಾವಲುಗಾರನ ಕೋಣೆಯಲ್ಲಿ ವಿದ್ಯುತ್ ಶಾರ್ಟ್ ಸರ್ಕ್ಯೂಟಿನಿಂದ ಬೆಂಕಿ ಹುಟ್ಟಿತೆಂದು ಇಲ್ಲಿಯ ಅಗ್ನಿಶಾಮಕ ಇಲಾಖೆ ಹೇಳಿತು. ಹೊಗೆ ಮೆಟ್ಟಿಲಿನಲ್ಲಿ ಏರಿತು, ಮೇಲಕ್ಕೆ ಓಡಿದವರಿಗೆ ತಾರಸಿಯ ಬಾಗಿಲು ಬೀಗ ಹಾಕಿ ಸಿಕ್ಕಿತು ಎಂದು ಪತ್ರಿಕೆಗಳು ವರದಿ ಮಾಡಿದವು. ಪ್ರಶ್ನೆ ಕೇಳಿದವರ ಕಟ್ಟಡದ ವರ್ಣನೆಯನ್ನು ಓದುವಾಗ ನನಗೆ ಅದೇ ನಕ್ಷೆ ಕಂಡಿತು.

ಆ ಘಟನೆಯ ನಂತರ ಇಲ್ಲಿಯ ಅಧಿಕಾರಿಗಳು ಕಟ್ಟಡಗಳನ್ನು ತಪಾಸಣೆ ಮಾಡುತ್ತ ಹೋದಾಗ, ಕೋಣೆಗಳನ್ನು ಒಡೆದು ಹೆಚ್ಚು ಜನರನ್ನು ತುಂಬಲು ಹಾಕಿದ್ದ ಪ್ಲೈವುಡ್ ಅಡ್ಡಗೋಡೆಗಳನ್ನು ನಮ್ಮ ವಸತಿಯಿಂದಲೂ ಕಿತ್ತು ಹಾಕಿಸಿದರು. ನಿಮ್ಮಲ್ಲಿ ಒಂದು ಕೋಣೆಯನ್ನು ಎರಡು ಮಾಡಿದ್ದಾರೆಯೇ, ಅಡ್ಡಗೋಡೆ ಇಟ್ಟಿಗೆಯದೋ ಹಲಗೆಯದೋ ಎಂಬುದನ್ನು ಬೆರಳಿನಿಂದ ಕುಟ್ಟಿ ನೋಡಿರಿ. ಇಟ್ಟಿಗೆಯ ಗೋಡೆ ಕೊಡುವ ಸಮಯವನ್ನು ಹಲಗೆ ಕೊಡುವುದಿಲ್ಲ.

ಉತ್ತರ: ನಿವೃತ್ತ ಅಗ್ನಿಶಾಮಕ

ಪಿ.ಜಿ. ನಡೆಸುವವರ ಪ್ರಶ್ನೆ ನ್ಯಾಯವಾದದ್ದು. ಹೊರಗಿನವನು ಒಳಗೆ ಬರಬಾರದು ಎಂಬುದಕ್ಕೂ ಒಳಗಿನವನು ಹೊರಗೆ ಹೋಗಬಾರದು ಎಂಬುದಕ್ಕೂ ವ್ಯತ್ಯಾಸವಿದೆ, ಮೊದಲನೆಯದಕ್ಕೆ ಬೀಗವೇ ಬೇಕೆಂದಿಲ್ಲ. ಹೊರಗಿನಿಂದ ಕೀಲಿಯಿಲ್ಲದೆ ತೆರೆಯದ, ಒಳಗಿನಿಂದ ಕೀಲಿಯಿಲ್ಲದೆಯೇ ಗುಬ್ಬಿ ತಿರುಗಿಸಿ ತೆರೆಯುವ ನೈಟ್ ಲ್ಯಾಚ್ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುತ್ತದೆ. ಗೇಟಿನ ಸರಳುಗಳ ಸಂದಿಯಿಂದ ಕೈ ತೂರಿಸಿ ತೆರೆಯುತ್ತಾರೆಂಬ ಭಯವಿದ್ದರೆ ಆ ಭಾಗಕ್ಕೆ ಒಂದು ತಗಡನ್ನು ವೆಲ್ಡ್ ಮಾಡಿಸಿದರಾಯಿತು. ತಾರಸಿಯ ಬಾಗಿಲಿಗೆ ಒಳಗಿನಿಂದ ಚಿಲಕ ಸಾಕು. ಯಾರು ಹೋದರೆಂದು ತಿಳಿಯಬೇಕಾದರೆ ಬಾಗಿಲು ತೆರೆದಾಗ ಕೂಗುವ ಗಂಟೆಯನ್ನು ಹಾಕಿಸಿರಿ, ಸಿಗರೇಟಿನ ತೊಂದರೆಯೂ ಅದರಿಂದ ಕಡಿಮೆಯಾಗುತ್ತದೆ. ಕಾವಲುಗಾರನಿಗೆ ಕೀಲಿ ಕೊಡುವುದನ್ನು ನಾನು ಪರಿಹಾರವೆಂದು ಒಪ್ಪುವುದಿಲ್ಲ, ಏಕೆಂದರೆ ಹೊಗೆ ತುಂಬಿದ ಕತ್ತಲಿನಲ್ಲಿ ಗೊಂಚಲಿನಿಂದ ಸರಿಯಾದ ಕೀಲಿಯನ್ನು ಹುಡುಕುವುದು ಅವನಿಂದಲೂ ಆಗದು.

ಪ್ರತಿ ಮಹಡಿಯಲ್ಲಿ ರಸ್ತೆಯ ಕಡೆಯ ಒಂದು ಕಿಟಕಿಯ ಗ್ರಿಲ್ಲನ್ನಾದರೂ ಕತ್ತರಿಸಿ, ಕೀಲುಗಳ ಮೇಲೆ ಹೊರಕ್ಕೆ ತೆರೆಯುವಂತೆ ಮಾಡಿಸಿರಿ. ಅದು ವೆಲ್ಡಿಂಗ್‌ನವನ ಅರ್ಧ ದಿನದ ಕೆಲಸ. ಎರಡನೇ ಮೆಟ್ಟಿಲಿಗೆ ಜಾಗವಿಲ್ಲದ ಕಟ್ಟಡದಲ್ಲಿ ಇರುವ ಒಂದನ್ನು ಖಾಲಿಯಾಗಿಡುವುದು ಇನ್ನಷ್ಟು ಮುಖ್ಯವಾಗುತ್ತದೆ. ಚಪ್ಪಲಿ ಸ್ಟ್ಯಾಂಡ್, ಹಳೆಯ ಹಾಸಿಗೆ, ನೀರಿನ ಕ್ಯಾನು ಯಾವುದೂ ಮೆಟ್ಟಿಲಿನಲ್ಲಿ ಇರಬಾರದು. ಮೆಟ್ಟಿಲಿನ ಮೇಲ್ತುದಿಯಲ್ಲಿ ಮತ್ತು ಪ್ರತಿ ಓಣಿಯಲ್ಲಿ ಬ್ಯಾಟರಿಯಿಂದ ನಡೆಯುವ ಹೊಗೆ ಅಲಾರಂ ಹಾಕಿಸಿರಿ. ಇವುಗಳಲ್ಲಿ ಯಾವುದಕ್ಕೂ ಕಟ್ಟಡದ ಒಡೆಯರು ಗೋಡೆ ಒಡೆಯಲು ಒಪ್ಪಬೇಕಾದ ಅಗತ್ಯವಿಲ್ಲ.

ಕಾನೂನಿನ ಬಗ್ಗೆಯೂ ಒಂದು ಮಾತು. ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ ಪ್ರಕಾರ 15 ಮೀಟರ್ ಮತ್ತು ಅದಕ್ಕಿಂತ ಎತ್ತರದ ಕಟ್ಟಡಗಳು ಬಹುಮಹಡಿಯವು. ಮೂವತ್ತು–ನಲವತ್ತರ ನಿವೇಶನದ ಪಿ.ಜಿ.ಗಳು ಬಹುತೇಕ ಆ ಎತ್ತರದ ಆಸುಪಾಸಿನಲ್ಲಿ ಅಥವಾ ಕೆಳಗೆ ನಿಲ್ಲುವುದರಿಂದ ಅಗ್ನಿಶಾಮಕ ಇಲಾಖೆಯ ಕಣ್ಣಿಗೆ ಅಷ್ಟಾಗಿ ಬೀಳುವುದಿಲ್ಲ. ಆದರೆ ಅದೇ ಸಂಹಿತೆ ಬಾಡಿಗೆ ಕೋಣೆಗಳ ಮನೆ ಮತ್ತು ಡಾರ್ಮಿಟರಿಗಳನ್ನು ಒಂದು ಕುಟುಂಬದ ವಾಸದ ಮನೆಯಿಂದ ಬೇರೆ ವರ್ಗದಲ್ಲಿ ಇಟ್ಟಿದೆ. ಕುಟುಂಬದ ಮನೆಯೆಂದು ನಕ್ಷೆ ತೋರಿಸಿ ಅರವತ್ತು ಜನರನ್ನು ಇರಿಸುವವರು ಎತ್ತರದ ಲೆಕ್ಕ ಹೇಳಿ ತಪ್ಪಿಸಿಕೊಳ್ಳುವುದು ಸರಿಯಲ್ಲ. ಪಿ.ಜಿ.ಗೆ ವ್ಯಾಪಾರ ಪರವಾನಗಿ ಬೇಕು, ಅದನ್ನು ಕೊಡುವುದು ಪಾಲಿಕೆಯ ಆರೋಗ್ಯ ವಿಭಾಗ. ಆದ್ದರಿಂದ ಲಿಖಿತ ದೂರು ಹೋಗಬೇಕಾದದ್ದು ಮೊದಲು ಅಲ್ಲಿಗೆ.

ಪ್ರಶ್ನೆ ಕೇಳಿದವರು: ಮಾರತಹಳ್ಳಿ ನಿವಾಸಿ

ಎಲ್ಲರಿಗೂ ಧನ್ಯವಾದಗಳು. ಈ ಉತ್ತರಗಳನ್ನು ಮುದ್ರಿಸಿ, ಹದಿನೆಂಟು ಮಂದಿ ನಿವಾಸಿಗಳ ಸಹಿಯೊಂದಿಗೆ ಒಂದು ಪತ್ರವನ್ನು ಮಾಲೀಕರಿಗೆ ಕೊಟ್ಟೆವು. ಒಬ್ಬನೇ ಹೋಗಿ ಹೇಳಿದಾಗ ಕೇಳದಿದ್ದ ಅವರು ಪತ್ರ ಕಂಡ ಮೇಲೆ ವೆಲ್ಡಿಂಗ್‌ನವನನ್ನು ಕರೆಸಿದರು. ಮುಂಬಾಗಿಲಿಗೆ ನೈಟ್ ಲ್ಯಾಚ್ ಬಂದಿದೆ, ತಾರಸಿಯ ಬೀಗ ತೆಗೆದಿದ್ದಾರೆ. ಸ್ಕೂಟರುಗಳ ವಿಷಯದಲ್ಲಿ ಮಾತ್ರ ಜಗಳ ನಡೆಯುತ್ತಿದೆ, ಹೊರಗೆ ನಿಲ್ಲಿಸಿದರೆ ಮಳೆಗೆ ನೆನೆಯುತ್ತವೆಂದು ಅವುಗಳ ಒಡೆಯರು ಒಪ್ಪುತ್ತಿಲ್ಲ.

ಇನ್ನೊಂದು ಸಂದೇಹ ಉಳಿದಿದೆ. ನಾಲ್ಕನೇ ಮಹಡಿಯಲ್ಲಿ ಇಬ್ಬರು ಕೋಣೆಯೊಳಗೇ ಸಣ್ಣ ಗ್ಯಾಸ್ ಸಿಲಿಂಡರ್ ಇಟ್ಟುಕೊಂಡು ಅಡುಗೆ ಮಾಡುತ್ತಾರೆ. ಖಾಲಿಯಾದಾಗ ಬೀದಿಯ ಅಂಗಡಿಯೊಂದರಲ್ಲಿ ತುಂಬಿಸಿಕೊಂಡು ಬರುತ್ತಾರೆ. ಪಿ.ಜಿ. ಊಟ ಸೇರದವರಿಗೆ ಅಡುಗೆ ಬೇಡವೆನ್ನಲು ನನಗೆ ಮನಸ್ಸು ಬಾರದು. ಏನು ಮಾಡಬೇಕು?

ಉತ್ತರ: ನಿವೃತ್ತ ಅಗ್ನಿಶಾಮಕ

ಅಡುಗೆ ಬೇಡವೆನ್ನಬೇಕಾಗಿಲ್ಲ, ಆ ಸಿಲಿಂಡರ್ ಬೇಡವೆನ್ನಿರಿ. ಬೀದಿಯ ಅಂಗಡಿಯಲ್ಲಿ ದೊಡ್ಡ ಸಿಲಿಂಡರಿನಿಂದ ಸಣ್ಣದಕ್ಕೆ ಗ್ಯಾಸ್ ತುಂಬಿಸುವುದು ಕಾನೂನುಬಾಹಿರ. ಅಲ್ಲಿ ವಾಲ್ವ್ ಪರೀಕ್ಷೆಯೂ ಇಲ್ಲ, ಎಷ್ಟು ತುಂಬಬೇಕೆಂಬ ಮಿತಿಯೂ ಇಲ್ಲ. ಅಧಿಕೃತ ವಿತರಕರು ಕೊಡುವ ಸಿಲಿಂಡರಿನ ಮೇಲೆ ಮುಂದಿನ ಪರೀಕ್ಷೆಯ ಅವಧಿಯನ್ನು ಎ, ಬಿ, ಸಿ, ಡಿ ಎಂಬ ಅಕ್ಷರ ಮತ್ತು ವರ್ಷದಲ್ಲಿ ಬರೆದಿರುತ್ತಾರೆ. ಎ ಎಂದರೆ ಜನವರಿಯಿಂದ ಮಾರ್ಚ್, ಡಿ ಎಂದರೆ ಅಕ್ಟೋಬರಿನಿಂದ ಡಿಸೆಂಬರ್. ನಿಮ್ಮ ನೆಲಮಹಡಿಯ ಅಡುಗೆಮನೆಯಲ್ಲಿರುವವುಗಳ ಮೇಲೂ ಅದನ್ನು ನೋಡಿಕೊಳ್ಳಿ. ಅವು ಮನೆಬಳಕೆಯ 14.2 ಕಿಲೋದವಾಗಿದ್ದರೆ ಪಿ.ಜಿ.ಯಂಥ ವ್ಯವಹಾರದಲ್ಲಿ ಬಳಸುವಂತಿಲ್ಲ, ವಾಣಿಜ್ಯ ಬಳಕೆಯ 19 ಕಿಲೋದವೇ ಇರಬೇಕು. ರಬ್ಬರ್ ಪೈಪನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕು.

ಅಡುಗೆ ಅನಿಲ ಗಾಳಿಗಿಂತ ಭಾರವಾದದ್ದು, ನೆಲದ ಮೇಲೆ ಹರಡಿ ಮೆಟ್ಟಿಲಿನಿಂದ ಕೆಳಗಿಳಿಯುತ್ತದೆ. ನಾಲ್ಕನೇ ಮಹಡಿಯಲ್ಲಿ ಸೋರಿದ್ದು ಮೂರನೇ ಮಹಡಿಯಲ್ಲಿ ಹೊತ್ತಿಕೊಳ್ಳಬಹುದು. ವಾಸನೆ ಬಂದರೆ ದೀಪದ ಸ್ವಿಚ್ಚನ್ನು ಹಾಕುವುದೂ ಬೇಡ, ಆರಿಸುವುದೂ ಬೇಡ. ಆಗುವುದಾದರೆ ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲು ತೆರೆದು, ಎಲ್ಲರನ್ನೂ ಕೂಗಿ ಎಬ್ಬಿಸಿಕೊಂಡು ಹೊರಗೆ ಬಂದು, ಹೊರಗಿನಿಂದಲೇ 1906ಕ್ಕೆ ಕರೆ ಮಾಡಿರಿ.

ಆ ಇಬ್ಬರಿಗೆ ಇಂಡಕ್ಷನ್ ಒಲೆಯನ್ನು ಕೊಡಿಸುವ ಯೋಚನೆ ಇದ್ದರೆ, 16 ಆಂಪಿಯರಿನ ಪ್ರತ್ಯೇಕ ಪಾಯಿಂಟನ್ನು ಸರಿಯಾದ ದಪ್ಪದ ತಂತಿಯಿಂದ ಎಳೆಸಿದ ಮೇಲೆಯೇ ಕೊಡಿಸಿರಿ. ಸ್ಕೂಟರಿನವರಿಗೆ ಮಳೆಯದೇ ಚಿಂತೆಯಾದರೆ ಕಾಂಪೌಂಡಿನ ಗೋಡೆಗೆ ಒಂದು ಶೀಟಿನ ಇಳಿಜಾರು ಹಾಕಿಸಲು ಮಾಲೀಕರಿಗೆ ಹೇಳಿರಿ, ವೆಲ್ಡಿಂಗ್‌ನವನು ಹೇಗೂ ಬಂದಿದ್ದಾನೆ.